ಮಂಜುಗಡ್ಡೆಯ ಮೇಲೆ ಮರಸಾಲು

ಕರಡಿಹೊಳೆ, ಕೀವಿನಾ ಕೊಲ್ಲಿ
ಮಿಶಿಗನ್
೧೪ ಜನವರಿ ೧೯೮೯

ಒನ್ನಿ,

ಕಾಗದ ಅಂದರೆ ಮೊದಲು ಹವೆ, ಆಮೇಲೆ ಆರೋಗ್ಯ, ಮೂರನೇ ಪ್ಯಾರಾಗ್ರಾಫಿನಲ್ಲಿ ವಿಷಯ. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮಿಸ್ ಥಾರ್ನ್‌ಕ್ವಿಸ್ಟ್ ಹಾಗೆ ಕಲಿಸಿದ್ದರು. ಎರಡು ವರ್ಷ ಕಾಲೇಜಿಗೆ ಹೋದದ್ದರಲ್ಲಿ ನನಗೆ ಉಳಿದಿರುವುದು ಇಷ್ಟೇ, ಮಿಕ್ಕಿದ್ದು ಗಣಿಯ ಧೂಳಿನಲ್ಲಿ ಹೋಯಿತು. ಇನ್ನೊಂದು ಮಾತೂ ಹೇಳುತ್ತಿದ್ದರು: ಓದುವವನಿಗೆ ಏನೂ ಗೊತ್ತಿಲ್ಲ ಅಂದುಕೊಂಡು ಬರೆಯಬೇಕಂತೆ. ಹಾಗಾಗಿ ನಿನಗೆ ಗೊತ್ತಿರುವುದನ್ನೇ ಬರೆದರೆ ಬೈಯಬೇಡ.

ಹವೆ. ಕೊಲ್ಲಿ ಹೊಸವರ್ಷದ ವಾರದಲ್ಲೇ ಹೆಪ್ಪುಗಟ್ಟಿತು. ದಡದಿಂದ ನೋಡಿದರೆ ಬಿಳಿ ಹಾಳೆ ಹಾಸಿದ ಹಾಗಿದೆ. ಆರೋಗ್ಯ. ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಎಡಗಣ್ಣಿಗೆ ಪೊರೆ ಬರುತ್ತಿದೆ. ಆದರೆ ಹಲ್ಲು ಎಲ್ಲ ಇವೆ.

ಇನ್ನು ವಿಷಯ. ನಿನ್ನೆ ಸಂತ ಕ್ನೂಟನ ದಿನ. ಕ್ರಿಸ್ಮಸ್ ಮರಗಳು ಮನೆಯಿಂದ ಆಚೆ ಬೀಳುವ ದಿನ. ಊರವರೆಲ್ಲ ಅಭ್ಯಾಸಬಲದಿಂದ ತಂದು ಚರ್ಚಿನ ಹಿಂದೆ ರಾಶಿ ಹಾಕಿದರು. ಹಾಕಿದವರು ಸ್ವಲ್ಪ ಹೊತ್ತು ಅಲ್ಲೇ ನಿಂತರು. ನಿನ್ನ ಜಾರುಬಂಡಿ ಬರುತ್ತದೆ, ನೀನು ಅವನ್ನೆಲ್ಲ ಹೇರಿಕೊಂಡು ಕೊಲ್ಲಿಯ ಮೇಲೆ ಹೋಗಿ, ಹಾರೆಯಿಂದ ಮಂಜುಗಡ್ಡೆ ಕುಟ್ಟಿ ನೋಡಿ, ಗಟ್ಟಿ ಇರುವ ಕಡೆ ಒಂದೊಂದೇ ನಿಲ್ಲಿಸುತ್ತೀ ಅಂತ ಕಾದ ಹಾಗೆ. ಮರದ ಪಕ್ಕ ನಡೆದರೆ ಭಯವಿಲ್ಲ ಅಂತ ಎಷ್ಟು ವರ್ಷ ಊರೇ ನಡೆಯಿತು! ನೀನು ಅಯೋವಾಕ್ಕೆ ಮಗಳ ಮನೆಗೆ ಹೋದ ಮೇಲೆ ಆ ಕೆಲಸಕ್ಕೆ ಯಾರೂ ಕೈ ಹಾಕಿಲ್ಲ. ಪಾದ್ರಿಗಳು, "ಈಸ್ಟರ್ ಹಿಂದಿನ ಸಂಜೆ ಬೆಂಕಿಗೆ ಹಾಕೋಣ ಬಿಡಿ. ಹಳಬರು ಹೇಳೋ ಹಾಗೆ ಮಾಟಗಾತಿಯರಾದ್ರೂ ಹೆದರಿ ಓಡ್ಲಿ" ಅಂದರು. ಯಾರೂ ನಗಲಿಲ್ಲ. ಈಗ ಊರವರು ಮೀನಿಗೆ ದಕ್ಷಿಣದ ಕಡೆ ಹೋಗುತ್ತಾರೆ. ನಮ್ಮ ಜಾಗಕ್ಕೆ ಯಾರೂ ಬರುವುದಿಲ್ಲ.

ನಾನು ಹೋಗುತ್ತೇನೆ. ಮಂಜುಗಡ್ಡೆಗೆ ತೂತು ಕೊರೆದು ಒಳಗೆ ಕೂತು ಮೀನು ಹಿಡಿಯುವ ನಮ್ಮ ಮರದ ಗೂಡನ್ನು ಮತ್ತೆ ಅಲ್ಲಿಗೇ ಎಳೆದು ನಿಲ್ಲಿಸಿದೆ. ಮೊದಲನೇ ದಿನವೇ ಒಂದು ಲೇಕ್ ಟ್ರೌಟ್ ಸಿಕ್ಕಿತು, ತೋಳುದ್ದ. ಪಕ್ಕದ ಮನೆ ಹಿಲ್ಯಳಿಗೆ ತೆಗೆದುಕೊಂಡು ಹೋದೆ. ಬಾಗಿಲು ಅರ್ಧ ತೆಗೆದಳು.

"ಏನದು?"

"ಲೇಕ್ ಟ್ರೌಟ್. ಇವತ್ತಿಂದು."

"ಎಲ್ಲಿಂದ?"

"ಎಲ್ಲಿಂದ ಅಂದ್ರೆ? ಕೊಲ್ಲಿಯಿಂದ. ಮತ್ತೇನು ಬಾವಿಯಿಂದ್ಲಾ?"

"ನಂಗೆ ಹೊಟ್ಟೆ ಸರಿ ಇಲ್ಲ, ಅರ್ವಿಡ್."

"ಹೋದ ವರ್ಷದಿಂದ್ಲೂ ಸರಿ ಇಲ್ವಾ?"

"ವಸಂತದಲ್ಲಿ ಸ್ಟೀಲ್‌ಹೆಡ್ ತಂದುಕೊಡು. ಅಷ್ಟೊತ್ತಿಗೆ ಸರಿಹೋಗಿರತ್ತೆ."

ಅವಳ ತಪ್ಪಲ್ಲ. ಸ್ಟೀಲ್‌ಹೆಡ್ ಹೊಳೆಗೆ ಹತ್ತಿ ಬರುವ ಮೀನು, ದಾರಿಹೋಕ. ಲೇಕ್ ಟ್ರೌಟ್ ತಳದಲ್ಲಿ ಮನೆ ಮಾಡಿಕೊಂಡಿರುವುದು. ಮಂಜುಗಡ್ಡೆ ಬಿರಿದು ಮುಳುಗಿದ ನನ್ನ ಲೆಂಪಿ, ನಿನ್ನ ಅಕ್ಕ, ಸಿಗಲೇ ಇಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ಮುಳುಗುಗಾರರು ಬಂದರು, ಹೋದರು. ಆ ಮೀನನ್ನು ನಾನೂ ಬಾಯಿಗೆ ಹಾಕಲಿಲ್ಲ. ಹಿಮದಲ್ಲಿ ಹೂತಿಟ್ಟೆ. ನರಿ ಒಯ್ದಿತು.

ಈಸ್ಟರ್ ವಾರ ಹೊಳೆಬಾಯಿಯ ಕ್ಯಾಬಿನ್ನಿನಲ್ಲಿ ರಜೆ ಕಳೆಯಬೇಕೆಂದಿದ್ದೇನೆ. ಬೆಳಗ್ಗೆ ಗೂಡಿನಲ್ಲಿ ಟ್ರೌಟ್, ಮಧ್ಯಾಹ್ನ ಹೊಳೆಬಾಯಿಯಲ್ಲಿ ಸ್ಟೀಲ್‌ಹೆಡ್, ನಾವು ಮಾಡುತ್ತಿದ್ದ ಹಾಗೆ. ಒಬ್ಬನೇ. "ಪೆನ್ಶನ್ ತಗೊಳ್ಳೋನಿಗೆ ಎಂಥ ರಜೆ?" ಅನ್ನುತ್ತಾಳೆ ಹಿಲ್ಯ. ನಿನ್ನ ಹಾಸಿಗೆ ಹಾಗೇ ಇದೆ. ಇಲಿ ಸ್ವಲ್ಪ ಕಡಿದಿದೆ.

ನಿನ್ನ ಭಾವ
ಅರ್ವಿಡ್


ಕರಡಿಹೊಳೆ
೧೧ ಫೆಬ್ರವರಿ

ಒನ್ನಿ,

ಉತ್ತರ ಬರಲಿಲ್ಲ. ಅಯೋವಾದ ಪೋಸ್ಟ್‌ಮ್ಯಾನ್ ಮೆಕ್ಕೆಜೋಳದ ಹೊಲದಲ್ಲಿ ಕಳೆದುಹೋದ ಅಂತ ಇಟ್ಟುಕೊಂಡಿದ್ದೇನೆ.

ಹವೆ: ಬಿಗಿ ಚಳಿ, ನಾಲ್ಕು ದಿನದಿಂದ ಗಾಳಿ ಇಲ್ಲ. ಆರೋಗ್ಯ: ಹೋದ ಸಲದ್ದೇ.

ಈ ವಾರ ಜಾರುಬಂಡಿ ಹಬ್ಬ ಆಯಿತು. ಮಕ್ಕಳು ಗುಡ್ಡದ ಮೇಲಿಂದ ಕಿರುಚುತ್ತ ಜಾರುತ್ತಿದ್ದರು, ಬಟಾಣಿ ಸಾರಿನ ವಾಸನೆ ಇಡೀ ಬೀದಿಗೆ. ನಾನು ಅದೇ ದಿನ ಗೂಡಿಗೆ ಹೋದೆ. ಯಾಕೆ ಅಂತ ಕೇಳಬೇಡ, ಮನೆಯಲ್ಲಿ ಕೂರಲಾಗಲಿಲ್ಲ. ಬಾಗಿಲು ಹಾಕಿದೆ. ಒಳಗೆ ಕತ್ತಲೆ, ಕಾಲ ಬಳಿ ತೂತಿನ ಹಸಿರು ಬೆಳಕು. ದಾರ ಬೆರಳಿಗೆ ಸುತ್ತಿಕೊಂಡು ಎಳೆದು ಬಿಟ್ಟು, ಎಳೆದು ಬಿಟ್ಟು ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಕೇಳಿಸಿತು. ಟಕ್. ನಾಲ್ಕು ಹೆಜ್ಜೆ. ಟಕ್.

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಜುಗಡ್ಡೆಯ ಮೇಲೆ ನಡೆದು ಬರುವವರ ಸದ್ದು ಗೂಡಿನ ಒಳಗೆ ಕೂತವರಿಗೆ ನೆಲದಿಂದ ಕೇಳುತ್ತದೆ. ಲೆಂಪಿ ಕಾಫಿ ಕೆಟಲು, ಏಲಕ್ಕಿ ಬನ್ನಿನ ಬುಟ್ಟಿ ಹಿಡಿದು ಬರುವಾಗ ಕಬ್ಬಿಣದ ಮೊನೆಯ ಕೋಲನ್ನು ಹಾಗೆ ಕುಟ್ಟುತ್ತಿದ್ದಳು. ಗಡ್ಡೆ ಪರೀಕ್ಷೆ ಮಾಡಲಿಕ್ಕಲ್ಲ, ಅದನ್ನು ತಮ್ಮ ಮಾಡಿದ್ದಾನೆ ಅನ್ನುತ್ತಿದ್ದಳು. ನಾವು ಬಟ್ಟಲು ತೆಗೆದಿಡಲಿ ಅಂತ. ಆ ಸದ್ದು ದಡದ ಕಡೆಯಿಂದ ಬಂತು. ಬಂತು, ಬಂತು, ಅವತ್ತು ಬಿರುಕು ಬಿಟ್ಟ ಜಾಗದ ಆಚೆಗೇ ನಿಂತಿತು. ಹಿಂದೆ ಹೋಗಲಿಲ್ಲ. ಎದ್ದು ಬಾಗಿಲು ತೆಗೆದರೆ ಬಿಳಿ ಬಯಲು. ಹೊಸ ಹಿಮದ ಮೇಲೆ ಒಂದು ಗೆರೆಯೂ ಇಲ್ಲ.

ಅವಳು ಬಿದ್ದ ಆ ಹಬ್ಬದ ದಿನದ ಬಗ್ಗೆ ನಾವು ಮಾತಾಡಿಲ್ಲ. ನಾವಿಬ್ಬರೂ ರಾತ್ರಿ ಗೂಡಿನಲ್ಲೇ ಮಲಗಿದ್ದೆವು, ದಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಬೆಳಗ್ಗೆ ನೀನು ಬಾಗಿಲು ತೆಗೆದು ನೋಡಿ, "ಮರ ಎಲ್ಲ ನೆಟ್ಟಗಿವೆ" ಅಂದೆ. ಗಡ್ಡೆ ಸರಿದಿದ್ದರೆ ಸಾಲು ಸೊಟ್ಟಗಾಗಬೇಕಿತ್ತು. ನಿನ್ನ ಜಾಗದಲ್ಲಿ ನಾನಿದ್ದರೂ, ನಿನ್ನ ಅಪ್ಪ ಇದ್ದರೂ ಅದನ್ನೇ ಹೇಳುತ್ತಿದ್ದೆವು. ಆದರೆ ಗಡ್ಡೆ ರಾತ್ರಿ ನೇರವಾಗಿ ಬಿರಿದು, ನೇರವಾಗಿಯೇ ಮತ್ತೆ ಹತ್ತಿರಕ್ಕೆ ಬಂದು ನಿಂತಿತ್ತು. ನಡುವೆ ನೀರು, ಅದರ ಮೇಲೆ ತೆಳ್ಳಗೆ ಕೆನೆ, ಅದರ ಮೇಲೆ ಹಿಮ. ಸಾಲು ಸೂಜಿಯ ಹಾಗೆ ನೆಟ್ಟಗಿತ್ತು. ಅವಳು ಸಾಲಿನ ಪಕ್ಕದಲ್ಲೇ ನಡೆದು ಬಂದಳು.

ವಿಷಯದಿಂದ ಆಚೆ ಹೋದೆ. ಮಿಸ್ ಥಾರ್ನ್‌ಕ್ವಿಸ್ಟ್ ಇದ್ದಿದ್ದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಡೈಗ್ರೆಶನ್' ಅಂತ ಗೀಚುತ್ತಿದ್ದರು. ದಾರಿ ಬಿಟ್ಟಿದ್ದೀ ಅಂತ ಅರ್ಥ. ಅಥವಾ ಅಂಥದ್ದೇ ಏನೋ.

ಬರೆಯುತ್ತಿರು ಅನ್ನೋಣವೆಂದರೆ ನೀನು ಶುರುವೇ ಮಾಡಿಲ್ಲ,
ಅರ್ವಿಡ್


ವಾಲ್ನಟ್ ಕಾರ್ನರ್, ಅಯೋವಾ
೨೨ ಫೆಬ್ರವರಿ

ಭಾವ,

ನಿನ್ನ ಕಾಗದ ಎರಡೂ ಬಂದ್ವು. ಪೋಸ್ಟ್‌ಮ್ಯಾನ್ ಕಳೆದುಹೋಗಿಲ್ಲ.

ಇಲ್ಲಿ ನೀರಿಲ್ಲ. ಅದಕ್ಕೇ ಬಂದಿದ್ದು. ಕಿಟಕಿಯಿಂದ ನೋಡಿದ್ರೆ ಹೊಲ, ಹೊಲದಾಚೆ ಹೊಲ. ಈ ಕ್ರಿಸ್ಮಸ್‌ಗೆ ಮಗಳು ಐಲಿ ಮರ ತರ್ತೀನಿ ಅಂದ್ಲು. ತಂದ್ರೆ ನಾನು ಮನೇಲಿರಲ್ಲ ಅಂದೆ. ಮರ ಇಲ್ಲದೆ ಹಬ್ಬ ಆಯ್ತು. ಮೊಮ್ಮಕ್ಕಳು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಮಾತಾಡಿದ್ರೂ ಕೇಳ್ಸಲ್ಲ ಅನ್ನು. ಗಣಿ ಸಿಡಿಮದ್ದಿನ ಸದ್ದಿಗೆ ಎಡಗಿವಿ ಮೊದಲೇ ಹೋಗಿತ್ತು, ಈಗ ಬಲಗಿವಿಗೂ ಕೂಗಬೇಕು. ಚರ್ಚಿನ ಗಂಟೆ ಹೊಡೆದಿದ್ದು ಜನ ಎದ್ದಾಗ್ಲೇ ಗೊತ್ತಾಗೋದು.

ಸತ್ತೋರು ಕೋಲು ಕುಟ್ಟಲ್ಲ. ಚಳಿ ಏರಿದ್ರೆ ಗಡ್ಡೆ ಬಿರಿಯತ್ತೆ, ಸದ್ದು ಬರತ್ತೆ, ಅಷ್ಟೇ. ನಲವತ್ತು ವರ್ಷ ಅದರ ಮೇಲೆ ಕೂತೋನಿಗೆ ನಾನು ಹೇಳಬೇಕಾ?

ಗೂಡನ್ನ ದಡಕ್ಕೆಳೆದು ಹಾಕು. ಸ್ಟೀಲ್‌ಹೆಡ್ ಬೇಕಂದ್ರೆ ಹೊಳೇಲಿ ನಿಂತು ಹಿಡಿ, ಯಾರು ಬೇಡ ಅಂತಾರೆ? ಮರ ಇಲ್ಲದ ಗಡ್ಡೆ ಮೇಲೆ ಕಾಲಿಡಬೇಡ. ನೀನು ಆ ದಿನದ ಬಗ್ಗೆ ಬರೆದಿದ್ದನ್ನ ಒಂದೇ ಸಲ ಓದಿದೆ. ಇನ್ನೊಂದು ಸಲ ಬರೀಬೇಡ. ನನ್ನನ್ನ ಕರೀಬೇಡ.

ಒನ್ನಿ


ಕರಡಿಹೊಳೆ
೬ ಮಾರ್ಚ್

ಒನ್ನಿ,

ಹವೆ: ಹಗಲಿನಲ್ಲಿ ಸೂರಿನಿಂದ ಹನಿ ಬೀಳಲು ಶುರುವಾಗಿದೆ. ಆರೋಗ್ಯ: ನಿನ್ನ ಕಾಗದ ಬಂದ ದಿನ ಚೆನ್ನಾಗಿತ್ತು.

ಗಡ್ಡೆ ಬಿರಿಯುವ ಸದ್ದು ನನಗೆ ಗೊತ್ತು. ಅದಕ್ಕೆ ಹೆಜ್ಜೆ ಇರುವುದಿಲ್ಲ.

ಮತ್ತೆ ಮತ್ತೆ ಹೋದೆ. ಪ್ರತಿ ಸಲವೂ ಬಂದಳು, ಅದೇ ಜಾಗದಲ್ಲಿ ನಿಂತಳು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಅಲ್ಲೇ ಬಿದ್ದಳಲ್ಲ, ಅದಕ್ಕೆ ಅಂದುಕೊಂಡೆ. ಹೋದ ವಾರ ಗೂಡಿನಿಂದ ವಾಪಸ್ ನಡೆಯುವಾಗ ಆ ಜಾಗದಲ್ಲಿ ನಾನೂ ನಿಂತೆ. ಮುಂದೆ ಎಲ್ಲಿ ಕಾಲಿಡುವುದೋ ತಿಳಿಯಲಿಲ್ಲ. ಎಲ್ಲಾ ಕಡೆ ಒಂದೇ ಬಿಳುಪು. ಆಗ ಹೊಳೆಯಿತು. ಅವಳು ನಿಲ್ಲುವುದು ಮರಗಳಿಲ್ಲ ಅಂತ, ಒನ್ನಿ. ಮುಂದಕ್ಕೆ ದಾರಿ ತೋರಿಸುವವರಿಲ್ಲ. ನೀನು ನೆಡದ ದಾರಿಯಲ್ಲಿ ಅವಳು ಎಂದಾದರೂ ನಡೆದದ್ದುಂಟಾ?

ಎರಡು ಚಳಿಗಾಲ ಅಲ್ಲೇ ನಿಂತಿದ್ದಾಳೆ. ಕೈಯಲ್ಲಿ ಕೆಟಲು ಬೇರೆ.

ಬಂದು ಮರ ನೆಡು. ಬೇರೆ ಏನನ್ನೂ ನಾನು ನಿನ್ನನ್ನು ಕೇಳುವುದಿಲ್ಲ.

ನೀನು ಬರದಿದ್ದರೆ ಶುಭ ಶುಕ್ರವಾರದ ದಿನ ನಾನೇ ನೆಡುತ್ತೇನೆ. ಚರ್ಚಿನ ಹಿಂದಿನ ರಾಶಿಯಿಂದ ಮರಗಳನ್ನು ಕದಿಯಲು ಶುರು ಮಾಡಿದ್ದೇನೆ. ಒಣಗಿ ಕಂದುಬಣ್ಣಕ್ಕೆ ತಿರುಗಿವೆ, ಕೆಲವಕ್ಕೆ ಇನ್ನೂ ಬೆಳ್ಳಿ ದಾರ ಅಂಟಿಕೊಂಡಿದೆ. ಮೊನ್ನೆ ಜಾರುಬಂಡಿಯಲ್ಲಿ ಎಳೆದುಕೊಂಡು ಬರುವಾಗ ಹಿಲ್ಯ ಅಡ್ಡ ನಿಂತಳು.

"ಈಸ್ಟರ್ ಬೆಂಕಿ ಮರ ಕದೀತೀಯಾ? ಈ ವಯಸ್ಸಲ್ಲಿ?"

"ಚಿಕ್ಕ ವಯಸ್ಸಲ್ಲಿ ಪುರುಸೊತ್ತಿರಲಿಲ್ಲ."

"ಎಲ್ಲಿಗೆ ಇದು?"

ನಾನು ಕೊಲ್ಲಿಯ ಕಡೆ ನೋಡಿದೆ. ಅವಳೂ ನೋಡಿದಳು.

"ಒನ್ನಿ ಬರ್ತಾನಾ?"

"ಗೊತ್ತಿಲ್ಲ."

"ನಿಂಗೆ ಗಡ್ಡೆ ಓದಕ್ಕೆ ಬರಲ್ಲ, ಅರ್ವಿಡ್. ನೀನು ಯಾವತ್ತೂ ಅವನ ಹಿಂದೆ ನಡೆದೋನು."

ನಿಜ. ಹಾರೆ ಹೊಡೆದರೆ ನನಗೆ ಎಲ್ಲ ಸದ್ದೂ ಒಂದೇ. ಮುದುಕಿ ಆಮೇಲೆ ಮನೆಯ ಹಿಂದಿನಿಂದ ತನ್ನ ಮರವನ್ನೂ ತಂದು ಬಂಡಿಯ ಮೇಲೆ ಎಸೆದಳು. ಇಷ್ಟು ದಿನ ಅದನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು.

ಕಾಯುವ
ಅರ್ವಿಡ್


ವಾಲ್ನಟ್ ಕಾರ್ನರ್
೧೩ ಮಾರ್ಚ್

ಭಾವ,

ಇದನ್ನ ನಿಧಾನವಾಗಿ ಓದು. ಮಾರ್ಚ್ ಗಡ್ಡೆ ಜನವರಿ ಗಡ್ಡೆ ಅಲ್ಲ. ದಪ್ಪ ಇದ್ರೂ ನಂಬಬೇಡ. ನೀಲಿ ಇದ್ರೆ ಸರಿ, ಬೂದಿ ಇದ್ರೆ ಬಿಡು, ಕಪ್ಪಗೆ ಹಸಿ ಹಸಿ ಇದ್ರೆ ಅದರ ಕಡೆ ಮುಖಾನೇ ಮಾಡಬೇಡ. ಹಾರೆ ಒಂದೇ ಸಲ ಹೊಡೀಬೇಡ, ಒಂದೇ ಜಾಗದಲ್ಲಿ ಎರಡು ಸಲ ಹೊಡಿ. ಎರಡನೇ ಪೆಟ್ಟಿಗೆ ಸದ್ದು ಮೆತ್ತಗಾದ್ರೆ ಹಿಂದಕ್ಕೆ ಬಾ. ಹೊಳೆ ನೀರು ಸೇರೋ ಕಡೆಯಿಂದ ದೂರ ಇರು. ಬಿರುಕು ಪ್ರತಿ ವರ್ಷ ಅಲ್ಲೇ ಬಿಡೋದು, ಅದನ್ನ ಬಳಸಿ ಬರಬೇಕಾದ್ರೆ ಬಡಗಣ ಕಡೆಯಿಂದ ಬಾ, ಅಲ್ಲಿ ತಳದಲ್ಲಿ ಬಂಡೆ ಇದೆ, ಸೆಳೆತ ಕಮ್ಮಿ. ಎಷ್ಟು ಬಳಸಬೇಕು ಅಂದ್ರೆ

ಇಲ್ಲ. ಎಷ್ಟು ಅಂತ ಇಲ್ಲಿ ಕೂತು ನನಗೆ ಹೇಳೋಕಾಗಲ್ಲ. ಕಾಗದದಲ್ಲಿ ಗಡ್ಡೆ ಓದೋಕಾಗಲ್ಲ.

ಈಸ್ಟರ್ ವಾರದ ಗುರುವಾರ ಬಸ್ಸಿಗೆ ಬರ್ತೀನಿ. ನನ್ನ ಹಾರೆ ತುಕ್ಕು ಹಿಡಿದಿದ್ರೆ ಮಸೆದಿಡು. ನಾನು ಬರೋವರೆಗೆ ಕಾಲಿಟ್ಟೆ ಅಂದ್ರೆ ನೀನಿರೋ ದಡಕ್ಕೆ ನಾನು ಮತ್ತೆ ಬರಲ್ಲ. ದೇವರಾಣೆ.

ಅಕ್ಕ ಬರ್ತಾಳೆ ಅಂತ ನಂಬಿ ಬರ್ತಿಲ್ಲ. ನೀನು ಹೋಗ್ತೀಯ ಅಂತ ನಂಬಿ ಬರ್ತಿದೀನಿ.

ಒನ್ನಿ


ಹೊಳೆಬಾಯಿ ಕ್ಯಾಬಿನ್
೧೮ ಏಪ್ರಿಲ್

ಒನ್ನಿ,

ಹವೆ: ತೆಂಕಣ ಗಾಳಿ, ಮೋಡ. ಆರೋಗ್ಯ: ಇರಲಿ ಬಿಡು.

ಈಸ್ಟರ್ ರಜೆಯನ್ನು ಒಬ್ಬನೇ ಕಳೆಯುತ್ತೇನೆ ಅಂದಿದ್ದೆ, ನೀನು ಬಂದು ಕೆಡಿಸಿದೆ. ಈಗ ನಿಜವಾದ ಒಂಟಿ ರಜೆ. ಹೊಳೆ ತೆರೆದಿದೆ. ಸ್ಟೀಲ್‌ಹೆಡ್ ಸಾಲುಸಾಲಾಗಿ ಹತ್ತುತ್ತಿವೆ. ತೊಡೆಮಟ್ಟ ನೀರಿನಲ್ಲಿ ನಿಂತರೆ ಮೀನುಗಳು ಮೊಣಕಾಲು ಸವರಿಕೊಂಡು ಹೋಗುತ್ತವೆ. ನಾನು ಗಾಳ ಎಸೆಯದೆ ಸುಮ್ಮನೆ ನಿಂತಿರುತ್ತೇನೆ. ಮುಖ ಕೊಲ್ಲಿಯಾಚೆಯ ಸರೋವರದ ಕಡೆಗೇ ತಿರುಗುತ್ತದೆ.

ನಾವಿಬ್ಬರೂ ಈಸ್ಟರ್ ಹಿಂದಿನ ಆ ಶನಿವಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಸ್ಸು ಹೊರಡುವಾಗ ಕೇಳಬೇಕೆಂದು ನಿನ್ನ ಬಲಗಿವಿಗೆ ಬಾಯಿಟ್ಟು ಕೂಗಿದೆ. ಡ್ರೈವರ್ ತಿರುಗಿ ನೋಡಿದ, ನೀನು "ಆಂ?" ಅಂದೆ. ಆಮೇಲೆ ಬಾಗಿಲು ಮುಚ್ಚಿತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಕೇಳಿಸಿದ್ದನ್ನು ನಾನು ಬರೆಯುತ್ತೇನೆ, ನಿನಗೆ ಕೇಳಿಸಿದ್ದನ್ನು ನೀನು ಬರಿ.

ನೀನು ಎರಡು ದಿನ ಹಾರೆ ಹೊಡೆದೆ. ಒಂದೊಂದು ಮರಕ್ಕೂ ಮಂಡಿಯೂರಿ, ಬರಿಗೈ ಗಡ್ಡೆಯ ಮೇಲಿಟ್ಟು ನೋಡಿದೆ. ಈ ಸಲ ಸಾಲು ನೆಟ್ಟಗಿರಲಿಲ್ಲ. ಬಿರುಕನ್ನು ಬಳಸಿ ಬಿಲ್ಲಿನ ಹಾಗೆ ಬಾಗಿತ್ತು. ಗೂಡಿನ ಬಾಗಿಲ ಬಳಿ ಹಿಲ್ಯಳ ಮರ ಕೊನೆಯದು. ಒಳಗೆ ಕೂತೆವು. ನಿನ್ನ ದಾರಕ್ಕೆ ಮೀನು ಬಿದ್ದಿತು, ನೀನು ಬಗ್ಗಿಕೊಂಡೆ.

ಆಗ ಬಂದಳು. ದಡದಿಂದ. ಟಕ್, ನಾಲ್ಕು ಹೆಜ್ಜೆ, ಟಕ್. ಬಿರುಕಿನ ಹತ್ತಿರ ನಿಂತಳು. ಆಮೇಲೆ, ಒನ್ನಿ, ತಿರುಗಿದಳು. ಬಾಗಿನಲ್ಲಿ ಬಡಗಣಕ್ಕೆ ಹೋಗಿ, ಬಳಸಿ, ಒಂದೊಂದೇ ಮರ ದಾಟಿಕೊಂಡು ಬಾಗಿಲವರೆಗೂ ಬಂದಳು. ನಾನು ಬೆಂಚಿನ ಮೇಲೆ ಸರಿದು ಕೂತೆ.

ಅಷ್ಟೇ. ಬಾಗಿಲು ತಟ್ಟಲಿಲ್ಲ. ವಾಪಸ್ಸೂ ಹೋಗಲಿಲ್ಲ. ದಡದಲ್ಲಿ ಪಾದ್ರಿಗಳು ಬೆಂಕಿ ಹಚ್ಚುವವರೆಗೂ ನಾವು ಕೂತಿದ್ದೆವು. ನಡೆದು ಬರುವಾಗ ನೀನು ಹೇಳಿದ್ದು ಒಂದೇ ಮಾತು: "ಅಂಚಲ್ಲಿ ನಡೀಬೇಡ." ಸೋಮವಾರ ಗೂಡನ್ನು ದಡಕ್ಕೆಳೆದೆವು, ನೀನು ಹೋದೆ.

ಹೋದ ವಾರ ಗಾಳಿ ಎದ್ದು ಕೊಲ್ಲಿಯ ಗಡ್ಡೆ ಒಂದೇ ಹಲಗೆಯಾಗಿ ಕಿತ್ತುಕೊಂಡಿತು. ನಾನು ಇಲ್ಲಿಂದ ನೋಡುತ್ತಿದ್ದೆ. ನಿನ್ನ ಮರಗಳು ಒಂದೂ ಬೀಳಲಿಲ್ಲ. ಬಾಗು ಬಾಗಾಗಿಯೇ, ಚರ್ಚಿಗೆ ಹೊರಟ ಜನರ ಹಾಗೆ, ನಿಂತುಕೊಂಡು ನಿಂತುಕೊಂಡೇ ದೊಡ್ಡ ಸರೋವರಕ್ಕೆ ಹೋದವು. ಕೊನೆಯ ಮರ ಬಹಳ ಹೊತ್ತು ಕಾಣುತ್ತಿತ್ತು.

ಅವಳು ಆ ಬಾಗಿಲಲ್ಲೇ ನಿಂತಿದ್ದರೆ? ಬಿರುಕಿನ ಹತ್ತಿರ ಇದ್ದಾಗ ಊರಿನ ಮುಂದೆಯಾದರೂ ಇದ್ದಳು. ನಾನು ಕರೆದು ಮುಂದಕ್ಕೆ ತಂದು, ಬಾಗಿಲು ತೆಗೆಯದೆ ಕೂತು, ಗಡ್ಡೆಯ ಜೊತೆ ಕಳಿಸಿಬಿಟ್ಟೆನಾ? ಅಲ್ಲಿ ಅವಳಿಗೆ ಯಾರ ಪರಿಚಯವೂ ಇಲ್ಲ.

ದೋಣಿಯನ್ನು ನೀರಿಗಿಳಿಸಿ ಕಟ್ಟಿದ್ದೇನೆ. ಮರಗಳು ಎಲ್ಲಿಗೆ ಹೋದವು ನೋಡಿಕೊಂಡು ಬರಬೇಕು ಅನ್ನಿಸುತ್ತದೆ. ಗಾಳಿ ಸ್ವಲ್ಪ ಇಳಿಯಲಿ ಅಂತ ಕಾಯುತ್ತಿದ್ದೇನೆ. ನಿನಗೆ ಏನು ಕೇಳಿಸಿತು? ಏನೂ ಇಲ್ಲ ಅಂದರೆ ಏನೂ ಇಲ್ಲ ಅಂತಲೇ ಬರಿ.

ಅರ್ವಿಡ್


ವಾಲ್ನಟ್ ಕಾರ್ನರ್
೨೨ ಏಪ್ರಿಲ್

ಭಾವ,

ಮೊದಲು ಹೋಗಿ ದೋಣಿನ ದಡಕ್ಕೆಳೆದು ಮಗುಚು. ಹುಟ್ಟುಗಳನ್ನ ಹಿಲ್ಯಳ ಮನೇಲಿಡು. ಇಟ್ಟು ಬಂದ್ಮೇಲೆ ಮುಂದೆ ಓದು. ಇದನ್ನ ಅರ್ಜೆಂಟ್ ಪೋಸ್ಟಿಗೆ ಹಾಕೋಕೆ ಐಲಿ ಕಾರಲ್ಲಿ ಪಟ್ಟಣಕ್ಕೆ ಹೋಗ್ತಿದಾಳೆ, ಕೀಲಿ ಕುಣಿಸ್ತಾ ಬಾಗಿಲಲ್ಲಿ ನಿಂತಿದಾಳೆ.

ಮಗುಚಿದೆಯಾ? ಈಗ ಕೇಳು.

ಅಕ್ಕ ಬಂದಿದ್ದು ನನಗೆ ಗೊತ್ತಿಲ್ಲ. ಮೀನು ಎಳೀತಿತ್ತು, ನನ್ನ ಗಮನ ದಾರದ ಮೇಲಿತ್ತು. ನೀನು ಇದ್ದಕ್ಕಿದ್ದ ಹಾಗೆ ಬೆಂಚಲ್ಲಿ ಸರಿದೆ. ಯಾಕೆ ಸರಿದ ಇವನು ಅಂತ ನಿನ್ನ ಮುಖ ನೋಡಿದೆ. ನಿನ್ನ ಮುಖ ಮದುವೆ ದಿನ ಇದ್ದ ಹಾಗಿತ್ತು. ಮೀನು ದಾರ ಬಿಡಿಸ್ಕೊಂಡು ಹೋಯ್ತು.

ಆಮೇಲೆ ಸ್ವಲ್ಪ ಹೊತ್ತಿಗೆ ನನಗೆ ಬಂತು. ಕಿವಿಗಲ್ಲ. ನನ್ನ ಕಿವಿ ನಿನಗೆ ಗೊತ್ತು. ಬೂಟಿನ ಅಡಿಗೆ ಬಂತು. ಟಕ್. ನಾಲ್ಕು ಹೆಜ್ಜೆ. ಟಕ್. ಬಾಗಿಲಿಂದ ಆ ಕಡೆಗೆ. ಹಿಂದಕ್ಕೆ, ಭಾವ. ಬಾಗಿನ ಹತ್ತಿರ ನಿಲ್ತಾಳಾ ಅಂತ ಹಲ್ಲು ಕಚ್ಕೊಂಡು ಕೂತಿದ್ದೆ. ನಿಲ್ಲಲಿಲ್ಲ. ತಡಬಡಾಯಿಸಲಿಲ್ಲ. ಗೊತ್ತಿರೋ ದಾರೀಲಿ ನಡೆದ ಹಾಗೆ ಬಳಸ್ಕೊಂಡು ಹೋದ್ಲು. ಕಮ್ಮಿಯಾಗ್ತಾ ಆಗ್ತಾ ದಡ ಮುಟ್ಟಿದ್ಲು. ಜಲ್ಲಿ ಮೇಲೆ ಕೋಲು ಊರಿದ್ದು ಬೇರೆ ಥರ ಇತ್ತು. ಅಲ್ಲಿಗೆ ಮುಗೀತು.

ಅವಳು ಗಡ್ಡೆ ಜೊತೆ ಹೋಗಿಲ್ಲ. ನಮ್ಮ ಕಾಫಿ ತಂದಿದ್ಲು. ಇಬ್ಬರೂ ಇದೀವಿ ಅಂತ ನೋಡಿದ್ಲು. ಮನೆಗೆ ಹೋದ್ಲು.

ಯಾಕೆ ಆಗಲೇ ಹೇಳಲಿಲ್ಲ ಅಂತ ಕೇಳಬೇಡ. ನಿನಗೂ ಕೇಳಿಸಿರತ್ತೆ ಅಂದ್ಕೊಂಡಿದ್ದೆ.

ಮರಗಳು ಹೋದ್ರೆ ಹೋಗ್ಲಿ. ಕೆಲಸ ಮುಗಿದಿತ್ತು.

ನಿನ್ನ ಭಾವಮೈದ
ಒನ್ನಿ


ಕರಡಿಹೊಳೆ
೩ ಮೇ

ಒನ್ನಿ,

ಲೇಕ್ ಟ್ರೌಟ್ ತಿಂದೆ.

ಈಗ ಅವು ದಡದ ಬಂಡೆಗಳ ಹತ್ತಿರಕ್ಕೇ ಬರುತ್ತವಲ್ಲ, ದೋಣಿ ಬೇಕಾಗಲಿಲ್ಲ. ದೋಣಿ ಮಗುಚಿದೆ. ನಿನ್ನ ಕಾಗದ ಓದಿ ಆ ಮಧ್ಯಾಹ್ನವೇ ಹೋಗಿ ಒಂದು ಹಿಡಿದೆ. ಬೆಣ್ಣೆಯಲ್ಲಿ ಹುರಿದೆ, ಜೊತೆಗೆ ಆಲೂಗೆಡ್ಡೆ. ಮೊದಲ ತುತ್ತು ಬಾಯಲ್ಲಿ ಬಹಳ ಹೊತ್ತು ಇತ್ತು. ಆಮೇಲೆ ಇಳಿಯಿತು. ಮೀನಿನ ರುಚಿಯೇ ಇತ್ತು, ಬೇರೆ ಏನೂ ಇರಲಿಲ್ಲ. ಹಸಿವಾಗಿತ್ತು ಅಂತ ಆಗ ಗೊತ್ತಾಯಿತು.

ಅರ್ಧ ಹಿಲ್ಯಳಿಗೆ ಒಯ್ದೆ, ಜೊತೆಗೆ ಒಂದು ಸ್ಟೀಲ್‌ಹೆಡ್ಡೂ. ಬಾಗಿಲಲ್ಲಿ ಎರಡನ್ನೂ ನೋಡಿದಳು.

"ಇದು ಹೊಳೇದು. ಇದು?"

"ಕೊಲ್ಲೀದು."

"ನೀನು ತಿಂದ್ಯಾ?"

"ತಿಂದೆ. ನಿನ್ನ ಹೊಟ್ಟೆ ಹೆಂಗಿದೆ?"

"ಬಾ ಒಳಗೆ. ಉಪ್ಪು ಕಮ್ಮಿ ಹಾಕಿರ್ತೀಯ ನೀನು" ಅಂದಳು. ಬಾಗಿಲು ಪೂರ್ತಿ ತೆಗೆದಳು.

ಒಂದು ಮಾತು ಹೇಳಿಬಿಡುತ್ತೇನೆ. ಬಸ್ಸಿನ ಬಾಗಿಲಲ್ಲಿ ನಾನು ಅಷ್ಟು ಕೂಗಿದರೂ ಕೇಳಿಸದಿದ್ದ ನಿನಗೆ, ಆ ಮಂದ ಬೂಟಿನ ಅಡಿಯಿಂದ, ದಡ ಮುಟ್ಟುವವರೆಗೂ ಕೇಳಿಸಿತು. ಇದರ ಬಗ್ಗೆ ನಾನು ಒಂದು ರಾತ್ರಿ ಕೂತು ಯೋಚನೆ ಮಾಡಿದೆ. ಆಮೇಲೆ ಬಿಟ್ಟೆ. ಲೆಂಪಿ ನಿನ್ನ ಮರಗಳ ಪಕ್ಕದಲ್ಲಿ ಬರುವಾಗ ಒಂದೊಂದು ಮರದ ಹತ್ತಿರವೂ ನಿಂತು, ತಮ್ಮ ಇದನ್ನು ಸರಿಯಾಗಿ ನೋಡಿದ್ದಾನಾ ಅಂತ ಕೇಳುತ್ತಿರಲಿಲ್ಲ. ನಾನೂ ಕೇಳುವುದಿಲ್ಲ.

ಈ ವರ್ಷ ಐಲಿಗೆ ಮರ ತರಲು ಹೇಳು. ದೊಡ್ಡದು ತರಲಿ, ಮಕ್ಕಳು ಬೆಳ್ಳಿ ದಾರ ಸುತ್ತಲಿ. ಕ್ನೂಟನ ದಿನ ಕಳೆದ ಮೇಲೆ ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಬಾ. ಜನ ನಗುತ್ತಾರೆ, ನಗಲಿ, ನಿನಗೆ ಹೇಗೂ ಕೇಳಿಸುವುದಿಲ್ಲ. ಪಾದ್ರಿಗಳು ಬೆಂಕಿಗೆ ಬೇರೆ ಸೌದೆ ನೋಡಿಕೊಳ್ಳುತ್ತಾರಂತೆ. ಹಾರೆಗೆ ಎಣ್ಣೆ ಸವರಿ ಗೋಣಿ ಸುತ್ತಿಟ್ಟಿದ್ದೇನೆ. ನಿನ್ನ ಹಾಸಿಗೆಗೆ ಹೊಸ ಹುಲ್ಲು ತುಂಬಿಸಿದೆ.

ಆರೋಗ್ಯ ಚೆನ್ನಾಗಿದೆ. ಕಣ್ಣು ಹಾಗೇ ಇದೆ.

ಹವೆ ಬರೆಯುವುದು ಮರೆತೇಹೋಯಿತು. ರಾತ್ರಿ ಇನ್ನೂ ಚಳಿ ಬಹಳ. ಆದರೂ ಬಾಗಿಲಿಗೆ ಚಿಲಕ ಹಾಕುತ್ತಿಲ್ಲ.

ಅರ್ವಿಡ್